ತಿಮಿಂಗಿಲದ ಹೊಟ್ಟೆಯ ನೀರು

ಮೊದಲೇ ಹೇಳಿಬಿಡುತ್ತೇನೆ, ನನಗೆ ಆ ಹೆಂಗಸನ್ನು ಕಂಡರೆ ಆಗುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಹತ್ತು ಕಾರಣ ಕೊಡುತ್ತಿದ್ದೆ. ಮಾತು ಜಾಸ್ತಿ, ಸೆಂಟು ಜಾಸ್ತಿ, ನಗುವಾಗ ಎದುರಿಗಿದ್ದವರ ತೋಳು ಹಿಡಿದುಕೊಂಡು ನಗುತ್ತಾಳೆ. ಅವೆಲ್ಲ ಸುಳ್ಳಲ್ಲ, ಆದರೆ ನಿಜವಾದ ಕಾರಣ ಅವ್ಯಾವುದೂ ಅಲ್ಲ. ನನ್ನ ತಂಗಿಯ ಮಗಳು ಗಿಣಿ ಬೆಳಗಾದರೆ ಅವಳ ಮಡಿಲಲ್ಲಿ ಕೂತು ತಲೆ ಬಾಚಿಸಿಕೊಳ್ಳುತ್ತಿದ್ದಳು, ನನ್ನ ಮಡಿಲಲ್ಲಿ ಅಲ್ಲ. ಅಷ್ಟೇ.

ಅವಳು ಗಿಣಿಗೆ ಸೋದರತ್ತೆ, ನನ್ನ ತಂಗಿಯ ಗಂಡನ ಸ್ವಂತ ತಂಗಿ. ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದಾಳೆ, ಹಾಗಾಗಿ ನನ್ನ ಮನಸ್ಸಿನಲ್ಲಿ ಅವಳಿಗೆ ಪಾರ್ಲರತ್ತೆ ಎಂದೇ ಹೆಸರು. ತಂಗಿಯ ಮನೆಯ ಮೇಲಿನ ಮಹಡಿಯಲ್ಲೇ ಇರುತ್ತಾಳೆ. ತಂಗಿ, ಅವಳ ಗಂಡ ಇಬ್ಬರೂ ಬೆಳಕು ಹರಿಯುತ್ತಿದ್ದಂತೆ ಕೆಲಸಕ್ಕೆ ಓಡುವವರು. ಪಾರ್ಲರು ತೆಗೆಯುವುದು ತಡವಾಗಿ. ಆದ್ದರಿಂದ ಗಿಣಿಯನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಜಡೆ ಹಾಕಿ ಸ್ಕೂಲಿಗೆ ಬಿಡುವ ಭಾಗ್ಯವೆಲ್ಲ ಅವಳದು. ನಾನಿರುವುದು ಊರಿನ ಇನ್ನೊಂದು ತುದಿಯಲ್ಲಿ, ಒಬ್ಬಳೇ. ನನಗೆ ಮದುವೆಯಾಗಲಿಲ್ಲ, ಅದರ ಕಥೆ ಇಲ್ಲಿ ಬೇಡ. ವಾರಕ್ಕೊಮ್ಮೆ ಎರಡು ಬಸ್ಸು ಬದಲಿಸಿ ಹೋಗಿ, ಗಿಣಿಯ ಕಿವಿಗೆ ಉಳಿದ ದಿನ ಅವಳ ಅಪ್ಪ ಹಾಕುವ ಹನಿಯನ್ನು ಆ ದಿನ ನಾನೇ ಹಾಕಿ, ಮತ್ತೆ ಎರಡು ಬಸ್ಸು ಬದಲಿಸಿ ವಾಪಸು ಬರುವ ದೊಡ್ಡಮ್ಮ ನಾನು.

ಗಿಣಿಗೆ ಆ ಹೆಸರು ಸುಮ್ಮನೆ ಬಂದಿದ್ದಲ್ಲ. ಬಾಯಿ ಮುಚ್ಚುವುದೇ ಇಲ್ಲ. ಆದರೆ ನೀವು ಮಾತಾಡಿದರೆ ಅವಳಿಗೆ ಅರ್ಧ ಕೇಳುವುದಿಲ್ಲ. ಬಲಗಿವಿಯ ತಮಟೆಯಲ್ಲಿ ತೂತಿತ್ತು. ಅಲ್ಲಿಂದ ವರ್ಷಗಟ್ಟಲೆ ಕೀವು ಸೋರುತ್ತಿತ್ತು. ಒಮ್ಮೆ ನಿಲ್ಲುತ್ತದೆ, ಅಬ್ಬ ಅನ್ನುವಷ್ಟರಲ್ಲಿ ಮತ್ತೆ ದಿಂಬು ಒದ್ದೆ. ಕ್ಲಾಸಿನಲ್ಲಿ ಪಕ್ಕ ಕೂರುತ್ತಿದ್ದ ಹುಡುಗಿ ವಾಸನೆ ಎಂದು ಎದ್ದು ಬೇರೆ ಬೆಂಚಿಗೆ ಹೋದಳಂತೆ. ಅದನ್ನು ಗಿಣಿ ನನಗೆ ನಗುತ್ತಲೇ ಹೇಳಿದ್ದಳು, ಹೇಳಿ ಮುಗಿಸಿದ ಮೇಲೆ ಮುಖ ಗೋಡೆ ಕಡೆ ತಿರುಗಿಸಿಕೊಂಡಳು.

ಕಿವಿ ಡಾಕ್ಟರು ಆಪರೇಷನ್ ಮಾಡಿ ತೂತು ಮುಚ್ಚುತ್ತೇನೆ ಎಂದಿದ್ದರು. ಆದರೆ ಕಿವಿ ಒಣಗಿರಬೇಕು. ಎರಡು ಸಲ ದಿನ ಗೊತ್ತುಮಾಡಿದರು, ಎರಡು ಸಲವೂ ಹಿಂದಿನ ವಾರ ಕಿವಿ ಸೋರಿ ಮುಂದಕ್ಕೆ ಹಾಕಿದರು. "ಹೀಗೇ ಬಿಟ್ರೆ ಒಳಗಿರೋ ಸಣ್ಣ ಮೂಳೆಗಳನ್ನೇ ತಿಂದುಹಾಕತ್ತೆ. ಆಮೇಲೆ ನಾನು ತೂತು ಮುಚ್ಚಿದ್ರೂ ಆ ಕಿವಿ ಕೇಳಲ್ಲ" ಎಂದರು. ತಂಗಿ ಅಲ್ಲೇ ಅತ್ತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾಕೆಂದರೆ ಆ ಕಿವಿಯೊಳಗೆ ಏನಿದೆ ಎಂದು ನನಗೆ ನನ್ನ ಅಂಗೈಯಷ್ಟು ಚೆನ್ನಾಗಿ ಗೊತ್ತಿತ್ತು.

ನನ್ನ ಕೆಲಸವೇ ಅದು. ಆಸ್ಪತ್ರೆಯ ಲ್ಯಾಬಿನಲ್ಲಿ ಕೀವು, ಕಫ, ಗಾಯದ ನೀರು, ಹೀಗೆ ಜನ ಮುಖ ಸಿಂಡರಿಸುವುದನ್ನೆಲ್ಲ ಕ್ರಿಮಿಗೆ ಊಟವಾಗುವ ಅಗಾರ್ ಹೆಪ್ಪುಗಟ್ಟಿಸಿದ ತಟ್ಟೆಯ ಮೇಲೆ ಎಳೆದು, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಯಾವ ಕ್ರಿಮಿ ಬೆಳೆಯುತ್ತದೆ ನೋಡುವುದು. ಆಮೇಲೆ ಆ ಕ್ರಿಮಿಯನ್ನು ಇನ್ನೊಂದು ತಟ್ಟೆಯ ತುಂಬ ಹರಡಿ, ಔಷಧಿ ತೊಯ್ದ ಪುಟ್ಟ ಕಾಗದದ ಬಿಲ್ಲೆಗಳನ್ನು ಅದರ ಮೇಲೆ ಇಡುವುದು. ಔಷಧಿ ಕ್ರಿಮಿಯನ್ನು ಕೊಲ್ಲುವಂಥದಾದರೆ ಬಿಲ್ಲೆಯ ಸುತ್ತ ಖಾಲಿ ವೃತ್ತ ಬಿಡುತ್ತದೆ. ಕ್ರಿಮಿ ಜಗ್ಗದಿದ್ದರೆ ಬಿಲ್ಲೆಯ ಅಂಚಿಗೇ ಬಂದು ಮೆತ್ತಿಕೊಂಡಿರುತ್ತದೆ.

ಗಿಣಿಯ ಕಿವಿಯಲ್ಲಿ ಬೆಳೆದದ್ದು ಸ್ಯೂಡೋಮೊನಾಸ್. ತಟ್ಟೆಯನ್ನೆಲ್ಲ ಹಸಿರು ಮಾಡುವ, ನೀರಿದ್ದ ಕಡೆಯೆಲ್ಲ ಮನೆಮಾಡುವ ಹಟಮಾರಿ. ಮೊದಲು ಹಾಕುತ್ತಿದ್ದ ಸಿಪ್ರೊ ಹನಿಗೆ ಅದು ಜಪ್ಪಯ್ಯ ಅನ್ನಲಿಲ್ಲ. ಇನ್ನೊಂದು ಬಿಲ್ಲೆಯ ಸುತ್ತ ಮಾತ್ರ ದೊಡ್ಡ ವೃತ್ತ ಬಿಟ್ಟಿತು. ನಾನೇ ರಿಪೋರ್ಟು ಹಿಡಿದುಕೊಂಡು ಹೋಗಿ ಡಾಕ್ಟರ ಟೇಬಲ್ಲಿನ ಮೇಲಿಟ್ಟೆ. ಹನಿ ಬದಲಾಯಿಸಿದರು, ಕಿವಿ ಒಣಗಿತು, ಮೂರನೆಯ ಸಲ ಆಪರೇಷನ್ನಿಗೆ ದಿನ ಗೊತ್ತಾಯಿತು. ಆ ವಾರ ತಂಗಿಯ ಮನೆಯಲ್ಲಿ ನನ್ನ ನಡಿಗೆಯೇ ಬೇರೆ ಇತ್ತು, ಸುಳ್ಳು ಯಾಕೆ ಹೇಳಲಿ. ಪಾರ್ಲರತ್ತೆ ಜಡೆ ಹಾಕಲಿ, ಕಿವಿ ವಾಸಿಮಾಡಿದವಳು ನಾನು ಎಂದು ಹೆಮ್ಮೆ.

ಆಪರೇಷನ್ನಿನ ಹಿಂದಿನ ವಾರ ಕಿವಿ ಮತ್ತೆ ಸೋರಿತು.

ಮತ್ತೆ ಕೀವು ತೆಗೆದು ತಟ್ಟೆಗೆ ಕಲ್ಚರ್ ಹಾಕಿದೆ. ಅದೇ ಹಸಿರು, ಅದೇ ಬಿಲ್ಲೆಗಳು, ಅದೇ ವೃತ್ತಗಳು. ಹೊಸ ಹನಿಗೆ ಕ್ರಿಮಿ ಈಗಲೂ ಸಾಯುತ್ತಿತ್ತು. ತಟ್ಟೆಯಲ್ಲಿ ಸಾಯುವ ಕ್ರಿಮಿ ಕಿವಿಯಲ್ಲಿ ಮಾತ್ರ ಯಾಕೆ ಮತ್ತೆ ಮತ್ತೆ ಹುಟ್ಟುತ್ತದೆ? ಔಷಧಿಯ ತಪ್ಪಲ್ಲ. ಅಂದರೆ ಹೊರಗಿನಿಂದ ಯಾರೋ ಮತ್ತೆ ತಂದು ತುಂಬುತ್ತಿದ್ದಾರೆ. ನೀರಿನ ಕ್ರಿಮಿ, ನೀರಿನ ಜೊತೆಗೇ ಹೋಗುತ್ತಿದೆ. ಆ ಮಗುವಿಗೆ ನೀರು ಹಾಕುವವರು ಯಾರು? ದಿನಾ ಸ್ನಾನ ಮಾಡಿಸುವವರು ಯಾರು? ಅಷ್ಟು ಯೋಚಿಸಿದ್ದೇ ತಡ, ಸಿಕ್ಕಿಬಿದ್ದಳು ಅನ್ನಿಸಿತು.

ನನ್ನ ಪಕ್ಕದ ಬೆಂಚಿನಲ್ಲಿ ಕೆಲಸ ಮಾಡುವವನಿಗೆ ನಾವೆಲ್ಲ ಮೂಗಪ್ಪ ಅನ್ನುತ್ತೇವೆ. ತಟ್ಟೆಗಳನ್ನು ಮೂಸಬಾರದು ಎಂದು ಗೋಡೆಯ ಮೇಲೆ ಬೋರ್ಡು ಹಾಕಿದ್ದರೂ, ಮುಚ್ಚಳ ತೆಗೆಯುವ ಮೊದಲೇ ಕ್ರಿಮಿಯ ಹೆಸರು ಹೇಳುತ್ತಾನೆ. ಅವನಿಗೆ ವಿಷಯ ಹೇಳಿದೆ.

"ನಿನಗೆ ಕ್ರಿಮಿ ಬೇಕೋ, ಆ ಹೆಂಗಸು ಬೇಕೋ?" ಎಂದ.

"ಎರಡೂ ಒಂದೇ ಕಡೆ ಇದ್ರೆ ನಾನೇನ್ ಮಾಡ್ಲಿ?"

"ಅಬ್ಬಬ್ಬ! ಹೋಗ್ ತಾಯಿ, ಸ್ವಾಬ್ ಕಡ್ಡಿ ಬೇಕಾದಷ್ಟು ತಗೊಂಡು ಹೋಗು. ಮೇಡಂಗೆ ಮಾತ್ರ ಒಂದು ಮಾತು ಹೇಳು." ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂ, ಮಗುವಿನ ವಿಷಯ ಎಂದು ಕೇಳಿದ ಕೂಡಲೇ ಒಪ್ಪಿದರು.

ಭಾನುವಾರ ಬೆಳಗ್ಗೆ ಹೋದೆ. ಬಚ್ಚಲಿನಲ್ಲಿ ಪ್ಲಾಸ್ಟಿಕ್ ಟಬ್ಬಿನೊಳಗೆ ಗಿಣಿ, ಪಕ್ಕದಲ್ಲಿ ಮಂಡಿಯೂರಿ ಕೂತ ಪಾರ್ಲರತ್ತೆ. ಇಬ್ಬರೂ ಏನಕ್ಕೋ ನಗುತ್ತಿದ್ದರು. ನನ್ನನ್ನು ಕಂಡು ಗಿಣಿ "ದೊಡ್ಡಮ್ಮಾ!" ಎಂದು ಕೂಗಿದಳು, ಮತ್ತೆ ಆ ನಗುವಿಗೇ ವಾಪಸಾದಳು. ಏನಕ್ಕೆ ನಗುತ್ತಿದ್ದೀರಿ ಎಂದು ಕೇಳಿದರೆ ಇಬ್ಬರೂ "ಏನಿಲ್ಲ" ಅಂದರು.

ಬಲಗಿವಿ ನೋಡಿದೆ. ಹತ್ತಿಯ ಉಂಡೆಗೆ ವ್ಯಾಸಲೀನ್ ಸವರಿ ಭದ್ರವಾಗಿ ಇಟ್ಟಿದ್ದಳು, ನಾನು ಹೇಳಿಕೊಟ್ಟಿದ್ದಕ್ಕಿಂತ ನೀಟಾಗಿ. ತಲೆಗೆ ನೀರು ಹಾಕುವಾಗ ಕಿವಿಯ ಮೇಲೆ ಅಂಗೈ ಮುಚ್ಚುತ್ತಿದ್ದಳು. ಒಂದೇ ಒಂದು ತಪ್ಪು ಸಿಗಲಿಲ್ಲ. ತಪ್ಪು ಸಿಗದಿದ್ದಕ್ಕೆ ಸಿಟ್ಟು ಇನ್ನೂ ಏರಿತು. ನಾನು ಬಂದಿದ್ದೇನೆ ಎಂದು ನಾಟಕ ಮಾಡುತ್ತಿದ್ದಾಳೆ, ಬೇರೆ ದಿನ ಹೀಗಿರುವುದಿಲ್ಲ ಎಂದುಕೊಂಡೆ.

ತುದಿಗೆ ಹತ್ತಿ ಸುತ್ತಿದ ಸ್ವಾಬ್ ಕಡ್ಡಿಗಳನ್ನು ತೆಗೆದೆ. ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯ ಬಾಯಿ, ಬಾಚಣಿಗೆ, ಮಗ್ಗು, ಟವೆಲು, ಅವಳ ಪಾರ್ಲರಿನಿಂದ ತಂದ ಶಾಂಪೂ, ಒಂದೊಂದನ್ನೂ ಒರೆಸಿ ಟ್ಯೂಬಿಗೆ ಹಾಕಿ ನಂಬರು ಬರೆದೆ. ಕಿಟಕಿಯ ಕಟ್ಟೆಯ ಮೇಲೆ ಒಂದು ಹಳದಿ ಬಾತುಕೋಳಿ ಇತ್ತು. ಅವಳು ಕೊಡಿಸಿದ್ದು, ನೀರಿಗೆ ಬಿಟ್ಟರೆ ದೀಪ ಹತ್ತುತ್ತದಂತೆ. ಅದನ್ನೂ ಒರೆಸಿದೆ.

ತಂಗಿ ಬಾಗಿಲಲ್ಲಿ ನಿಂತು, "ಅಕ್ಕ, ಇದೆಲ್ಲ ಬೇಕಾ? ಬೇಜಾರು ಮಾಡ್ಕೋತಾರೆ ಕಣೇ" ಎಂದು ಪಿಸುಗುಟ್ಟಿದಳು.

"ನಿನ್ನ ಮಗಳ ಕಿವಿ ಬೇಕೋ, ಅವರ ಬೇಜಾರು ನೋಡ್ಕೊಂಡು ಕೂತ್ಕೋತೀಯೋ? ಯಾರ ಕೈಯಿಂದ ಬರ್ತಿದೆ ಅಂತ ರಿಪೋರ್ಟ್ ಹೇಳತ್ತೆ, ತಾಳು" ಎಂದೆ. ಮೆಲ್ಲಗೆ ಹೇಳಬಹುದಿತ್ತು. ಮೆಲ್ಲಗೆ ಹೇಳಲಿಲ್ಲ.

ಪಾರ್ಲರತ್ತೆಯ ನಗು ನಿಂತಿತು. ಕೈಗಳನ್ನು ಒರೆಸಿಕೊಳ್ಳಲು ಹೋದವಳು ಹಾಗೇ ಒದ್ದೆ ಕೈಗಳನ್ನು ನನ್ನ ಮುಂದೆ ಚಾಚಿದಳು. "ನನ್ನ ಕೈನೂ ಒರೆಸ್ಕೊಳ್ಳಿ ಅಕ್ಕ. ಆಮೇಲೆ ಅದೊಂದು ಬಿಟ್ಟುಹೋಯ್ತು ಅನ್ಸೋದು ಬೇಡ."

ಬೇರೆ ಯಾರಾದರೂ ನಾಚಿಕೆಯಿಂದ ಬೇಡ ಅನ್ನುತ್ತಿದ್ದರು. ನಾನು ಎರಡೂ ಅಂಗೈಗಳನ್ನು, ಬೆರಳ ಸಂದುಗಳನ್ನು, ಉಗುರಿನ ಅಂಚುಗಳನ್ನು ಒರೆಸಿಕೊಂಡೆ.

ಹೊರಡುವಾಗ ಟಬ್ಬಿನಲ್ಲಿ ತೇಲುತ್ತಿದ್ದ ನೀಲಿ ತಿಮಿಂಗಿಲ ಕಣ್ಣಿಗೆ ಬಿತ್ತು. ಅದು ನಾನು ಕೊಡಿಸಿದ ರಬ್ಬರ್ ಆಟಿಕೆ. ಹೊಟ್ಟೆ ಅಮುಕಿದರೆ ತಲೆಯ ತೂತಿನಿಂದ ನೀರು ಚಿಮ್ಮುತ್ತದೆ. ನಮ್ಮ ಲ್ಯಾಬಿನಲ್ಲಿ ಕಂಟ್ರೋಲ್ ಇಲ್ಲದೆ ಯಾವ ಪರೀಕ್ಷೆಯೂ ಇಲ್ಲ. ಏನೂ ಬೆಳೆಯಬಾರದು ಎಂದು ಗೊತ್ತಿರುವ ಒಂದು ತಟ್ಟೆ ಜೊತೆಗಿರಬೇಕು, ಉಳಿದವನ್ನು ಅದರ ಪಕ್ಕ ಇಟ್ಟು ನೋಡಬೇಕು. ಬಾತುಕೋಳಿಯ ಎದುರು ತಿಮಿಂಗಿಲ, ಅವಳದರ ಎದುರು ನನ್ನದು. ಅದರ ಹೊಟ್ಟೆಯಿಂದ ನಾಲ್ಕು ಹನಿ ನೀರು ಹಿಂಡಿಕೊಂಡು ಟ್ಯೂಬಿನ ಮೇಲೆ 'ಕಂಟ್ರೋಲ್' ಎಂದು ಬರೆದೆ.

ಅಲ್ಲಿಂದ ನೇರ ಲ್ಯಾಬಿಗೆ ಹೋದೆ. ಭಾನುವಾರದ ಡ್ಯೂಟಿಯಲ್ಲಿದ್ದ ಮೂಗಪ್ಪ ಅದನ್ನು ನೋಡಿ ಹುಬ್ಬೇರಿಸಿದ. "ಕ್ರಿಮಿಯಿಲ್ಲದ ಸ್ಟೆರೈಲ್ ನೀರು ಬಿಟ್ಟು ಮಕ್ಕಳ ಆಟಿಕೆಯನ್ನ ಕಂಟ್ರೋಲ್ ಇಡೋದು ಯಾವ ಊರಿನ ಪದ್ಧತಿ?"

"ಸ್ಟೆರೈಲ್ ನೀರೂ ಇಟ್ಟಿದೀನಿ. ಇದು ನಂದು, ಕ್ಲೀನಾಗಿದೆ."

"ನಿಂದಾದ್ರೆ ಕ್ಲೀನಾಗಿರತ್ತಾ?" ಎಂದು ನಕ್ಕು ಅವನ ಪಾಡಿಗೆ ಅವನು ಹೋದ.

ಮರುದಿನ ಲ್ಯಾಬಿಗೆ ಎಲ್ಲರಿಗಿಂತ ಮೊದಲು ಹೋದವಳು ನಾನೇ. ಪೆಟ್ಟಿಗೆ ತೆಗೆದು ತಟ್ಟೆಗಳನ್ನು ಬೆಂಚಿನ ಮೇಲೆ ಸಾಲಾಗಿಟ್ಟೆ. ಎಣ್ಣೆಯಲ್ಲಿ ಏನೂ ಇಲ್ಲ. ಶಾಂಪೂವಿನಲ್ಲಿ ಏನೂ ಇಲ್ಲ. ಬಾಚಣಿಗೆ, ಮಗ್ಗು, ಟವೆಲು, ಎಲ್ಲರ ಮನೆಯಲ್ಲೂ ಇರುವ ಸಾಧಾರಣ ಕ್ರಿಮಿಗಳು. ಪಾರ್ಲರತ್ತೆಯ ಕೈಗಳಲ್ಲಿ ನಿಮ್ಮ ನನ್ನ ಚರ್ಮದ ಮೇಲಿರುವ ಪಾಪದ ಬಿಳಿ ಚುಕ್ಕೆಗಳು. ಬಾತುಕೋಳಿಯ ತಟ್ಟೆಯಲ್ಲಿ ಒಂದು ಚುಕ್ಕೆಯೂ ಇಲ್ಲ, ಅಂಗಡಿಯಿಂದ ಆಗಷ್ಟೇ ತಂದಿಟ್ಟ ಹಾಗೆ. ನನ್ನ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಮೂಗಪ್ಪ ಬಂದ. ಬಾಗಿಲಲ್ಲೇ ನಿಂತು ಮೂಗು ಅರಳಿಸಿದ. "ಸ್ಯೂಡೋಮೊನಾಸ್" ಎಂದ. "ಯಾವುದರಲ್ಲಿ ಬಂತು?"

ಪೆಟ್ಟಿಗೆಯಲ್ಲಿ ಇನ್ನೊಂದು ತಟ್ಟೆ ಉಳಿದಿತ್ತು. ತೆಗೆದೆ. ಅಂಚಿನಿಂದ ಅಂಚಿಗೆ ಹಸಿರು. ಮೇಲೆ ನನ್ನದೇ ಕೈಬರಹದಲ್ಲಿ 'ಕಂಟ್ರೋಲ್'.

ಮೂಗಪ್ಪನಿಗೆ ಕುಹಕದ ಬಾಯಿ, ಆದರೂ ಆಗ ಬಿಲ್ಲೆಗಳ ಡಬ್ಬಿ ತಂದು ನನ್ನ ಪಕ್ಕ ಇಟ್ಟ, ಅಷ್ಟೇ. ಬಿಲ್ಲೆ ಹಾಕಿಟ್ಟು ಮರುದಿನ ನೋಡಿದರೆ ಕಿವಿಯ ಕ್ರಿಮಿಯದೇ ಪಡಿಯಚ್ಚು. ಅಲ್ಲಿ ಜಗ್ಗದ್ದಕ್ಕೆ ಇಲ್ಲೂ ಜಗ್ಗಿಲ್ಲ, ಅಲ್ಲಿ ಸತ್ತದ್ದಕ್ಕೆ ಇಲ್ಲೂ ಸತ್ತಿದೆ. ಎರಡೂ ಒಂದೇ ವಂಶದವು ಎಂದು ಆಣೆ ಮಾಡಿ ಹೇಳಲು ಇನ್ನೂ ದೊಡ್ಡ ಪರೀಕ್ಷೆ ಬೇಕು, ನನಗೆ ಬೇಕಿರಲಿಲ್ಲ. ಕಿವಿಯಿಂದ ಸ್ನಾನದ ನೀರಿಗೆ, ನೀರಿನಿಂದ ತಿಮಿಂಗಿಲದ ಹೊಟ್ಟೆಗೆ. ಒಣಗಲು ದಾರಿಯಿಲ್ಲದ ಆ ಕತ್ತಲಲ್ಲಿ ಅದು ಬೆಳೆದು, ಅಲ್ಲಿಂದ ಮತ್ತೆ ಕಿವಿಗೆ.

ಈಗ ನನ್ನ ತಲೆ ಎಷ್ಟು ಚುರುಕಾಗಿ ಓಡಿತು ಎಂದು ಕೇಳಿ. ಅದೇ ಅಂಗಡಿಗೆ ಹೋಗುವುದು, ಅಂಥದೇ ನೀಲಿ ತಿಮಿಂಗಿಲ ತರುವುದು, ಯಾರೂ ನೋಡದಾಗ ಹಳೆಯದನ್ನು ಬ್ಯಾಗಿಗೆ ಹಾಕಿಕೊಂಡು ಹೊಸದನ್ನು ಟಬ್ಬಿನಲ್ಲಿ ಬಿಡುವುದು. ಕಿವಿ ಒಣಗುತ್ತದೆ, ಆಪರೇಷನ್ ಆಗುತ್ತದೆ. ರಿಪೋರ್ಟ್ ಏನಾಯ್ತು ಎಂದು ಕೇಳಿದರೆ, ಏನೂ ಸ್ಪಷ್ಟವಾಗಿ ಗೊತ್ತಾಗಲಿಲ್ಲ ಅಂದರಾಯಿತು. ಪಾರ್ಲರತ್ತೆಯ ಮೇಲೆ ಅನುಮಾನ ಸ್ವಲ್ಪ ಉಳಿದರೆ ಉಳಿಯಲಿ, ಅದರಿಂದ ಯಾರೇನೂ ಸಾಯುವುದಿಲ್ಲ. ಕೆಲಸ ಮುಗಿಸಿ ನೇರ ಅಂಗಡಿಗೆ ಹೋದೆ.

ತಂಗಿಯ ಮನೆ ತಲುಪಿದಾಗ ಗಿಣಿ ಒಬ್ಬಳೇ ಹಾಲಿನಲ್ಲಿ ಬಣ್ಣ ಹಚ್ಚುತ್ತಿದ್ದಳು. ಒಳಗೆ ಅಡುಗೆಮನೆಯಲ್ಲಿ ತಂಗಿಯ, ಪಾರ್ಲರತ್ತೆಯ ಮಾತು ಕೇಳುತ್ತಿತ್ತು. ನಾನು ಸದ್ದಿಲ್ಲದೆ ಬಚ್ಚಲಿಗೆ ಹೋಗಿ ತಿಮಿಂಗಿಲವನ್ನು ಬದಲಾಯಿಸಿ ತಿರುಗಿದರೆ ಗಿಣಿ ಹಿಂದೆಯೇ ನಿಂತಿದ್ದಾಳೆ.

"ಅದು ನಂದಲ್ಲ" ಎಂದಳು, ಹೊಸದನ್ನು ತೋರಿಸಿ. "ನಂದರ ಕಣ್ಣಿನ ಬಣ್ಣ ಹೋಗಿದೆ."

ಮಾತು ತಪ್ಪಿಸಲು ಅವಳ ಒಳ್ಳೆಯ ಕಿವಿಯ ಹತ್ತಿರ ಬಗ್ಗಿ ಕೇಳಿದೆ. "ಬಾತುಕೋಳಿ ಜೊತೆ ಆಡಲ್ವೇನೇ ನೀನು? ಎಷ್ಟ್ ಚೆನ್ನಾಗಿದೆ."

"ಇಲ್ಲಪ್ಪ."

"ಯಾಕೆ? ದೀಪ ಬೇರೆ ಹತ್ತತ್ತಂತೆ."

"ಅದಕ್ಕೆ ಔಷಧಿ ಹಾಕಕ್ಕೆ ಬರಲ್ಲ. ತಿಮಿಂಗಿಲ ಡಾಕ್ಟರ್ ಅಲ್ವಾ. ನೀನು ಕೊಟ್ಟಿದ್ದಲ್ವಾ." ಆಮೇಲೆ, ತಾನು ಪಿಸುಗುಡುತ್ತಿದ್ದೇನೆ ಎಂದುಕೊಂಡು ಮನೆಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಅತ್ತೆ ಟವೆಲ್ ತರಕ್ಕೆ ಹೋದಾಗ ನಾನು ಹತ್ತಿ ತೆಗೆದು, ನಿನ್ನ ಥರಾನೇ ತಲೆ ವಾಲಿಸಿ, ತಿಮಿಂಗಿಲದಿಂದ ಹನಿ ಹಾಕ್ಕೋತೀನಿ. ಆಮೇಲೆ ನಿನ್ನ ಥರಾನೇ ಕಿವಿ ಒತ್ತಿ, ಹತ್ತಿ ಮತ್ತೆ ಇಟ್ಕೋತೀನಿ. ನೀನು ವಾರಕ್ಕೆ ಒಂದೇ ಸಲ ಬರ್ತೀಯಲ್ಲ."

ನಾನು ಬಚ್ಚಲಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಯಾವ ಮಾತಿಗಾಗಿ ಇಷ್ಟು ವರ್ಷ ಹೊಟ್ಟೆ ಉರಿದುಕೊಂಡೆನೋ ಆ ಮಾತು ಬಂದಿತ್ತು. ಹಳೆಯ ತಿಮಿಂಗಿಲ ನನ್ನ ಬ್ಯಾಗಿನಲ್ಲಿ ಸೋರುತ್ತಿತ್ತು. ಹೊಸದನ್ನು ಅಲ್ಲೇ ಬಿಟ್ಟು ಬಾಯಿ ಮುಚ್ಚಿಕೊಂಡು ಹೋದರೆ ನಾಳೆ ಬೆಳಗ್ಗೆ ಟವೆಲ್ ತರುವಷ್ಟರಲ್ಲಿ ಈ ಮಗು ಮತ್ತೆ ಹತ್ತಿ ತೆಗೆಯುತ್ತದೆ. ದಿನಾ ಬೆಳಗ್ಗೆ ಅವಳ ಪಕ್ಕ ಇರುವವಳು ನಾನಲ್ಲ. ಅದನ್ನು ನೋಡಿಕೊಳ್ಳಬೇಕಾದ ಕಣ್ಣು ನನ್ನದಲ್ಲ.

ಬ್ಯಾಗು ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಇಬ್ಬರೂ ಆಗಲೇ ಮಾತು ನಿಲ್ಲಿಸಿದ್ದರು.

"ರಿಪೋರ್ಟ್ ಬಂತು" ಎಂದೆ. "ನಿಮ್ಮ ಕೈಯಲ್ಲಿ ಏನೂ ಇಲ್ಲ. ಎಣ್ಣೆ, ಶಾಂಪೂ, ಬಾತುಕೋಳಿ, ನಿಮ್ಮ ಯಾವ ವಸ್ತುವಿನಲ್ಲೂ ಏನೂ ಇಲ್ಲ. ನಾನು ಕೊಡಿಸಿದ ತಿಮಿಂಗಿಲದಲ್ಲಿ ಇದೆ." ಕತ್ತರಿ ತೆಗೆದುಕೊಂಡು ಸಿಂಕಿನ ಮೇಲೆ ಅದರ ಹೊಟ್ಟೆ ಸೀಳಿದೆ. ಒಳಗೆಲ್ಲ ಕಪ್ಪು ಲೋಳೆ. ತಂಗಿ "ಥೂ" ಎಂದು ಹಿಂದೆ ಸರಿದಳು. ಗಿಣಿ ಮಾಡುತ್ತಿದ್ದದ್ದನ್ನೂ ಹೇಳಿದೆ. "ಬೆಳಗ್ಗೆ ಅವಳನ್ನ ಒಂದು ನಿಮಿಷ ಒಬ್ಬಳೇ ಬಿಡಬೇಡಿ. ನಿಮಗೇ ಹೇಳ್ಬೇಕು, ನೀವೇ ತಾನೇ ಇರೋದು. ತಪ್ಪು ತಿಳ್ಕೊಂಡಿದ್ದೆ."

ಬಯ್ಯುತ್ತಾಳೆ ಎಂದುಕೊಂಡೆ, ಬಯ್ಯಲಿ ಎಂದೂ ಅನ್ನಿಸಿತು. ಪಾರ್ಲರತ್ತೆ ಬಯ್ಯಲಿಲ್ಲ. ಸಿಂಕಿನಲ್ಲಿ ಬಿದ್ದಿದ್ದ, ಕಣ್ಣಿನ ಬಣ್ಣ ಮಾಸಿದ ಆ ರಬ್ಬರನ್ನು ತುಂಬ ಹೊತ್ತು ನೋಡಿದಳು.

"ಬಾತುಕೋಳಿಯಲ್ಲಿ ಏನೇನೂ ಇರ್ಲಿಲ್ವಾ ಅಕ್ಕ?"

"ಏನೇನೂ ಇಲ್ಲ. ಒಂದು ಚುಕ್ಕೆನೂ ಇಲ್ಲ."

"ಒಂದು ದಿನನಾದ್ರೂ ಅವಳು ಅದನ್ನ ನೀರಿಗೆ ಬಿಟ್ಟಿದ್ರೆ ಅದೂ ಹಸಿರಾಗ್ತಿತ್ತಲ್ವಾ?" ಎಂದಳು. "ದಿನಾ ಎಬ್ಬಿಸೋಳು ನಾನು, ದಿನಾ ತಲೆ ಬಾಚೋಳು ನಾನು. ಅವಳು ದಿನಾ ಕೇಳೋದು ದೊಡ್ಡಮ್ಮ ಯಾವಾಗ ಬರ್ತಾಳೆ ಅಂತ. ನೀವು ಬಾಗಿಲಲ್ಲಿ ಕಂಡ್ರೆ ನನಗೆ ಮೈಯೆಲ್ಲ ಉರೀತಿತ್ತು ಅಕ್ಕ."

ನಾನು ಸಿಂಕು ತೊಳೆಯತೊಡಗಿದೆ. ಅವಳು ಪಕ್ಕಕ್ಕೆ ಬಂದು ನಲ್ಲಿ ಜೋರು ಮಾಡಿದಳು. ತಂಗಿ ನಮ್ಮಿಬ್ಬರನ್ನೂ ಹುಚ್ಚರನ್ನು ನೋಡುವ ಹಾಗೆ ನೋಡುತ್ತಿದ್ದಳು. ಹೊಸ ತಿಮಿಂಗಿಲ ಅವತ್ತೇ ನನ್ನ ಜೊತೆ ಎರಡು ಬಸ್ಸು ಬದಲಿಸಿ ವಾಪಸು ಬಂತು.

ಹನಿ ಅದೇ, ಕ್ರಿಮಿ ಅದೇ, ಈ ಸಲ ಕಿವಿ ಒಣಗಿ ಒಣಗಿಯೇ ಉಳಿಯಿತು. ಡಾಕ್ಟರು ಬೆಳಕು ಬಿಟ್ಟು ನೋಡಿ ದಿನ ಗೊತ್ತುಮಾಡಿದರು. ಆ ಬೆಳಗ್ಗೆ ತಂಗಿ, ಪಾರ್ಲರತ್ತೆ, ನಾನು, ಮೂವರೂ ಆಸ್ಪತ್ರೆಯಲ್ಲಿ. ಹಸಿರು ಗೌನು ತೊಡಿಸಿ, ತಲೆಗೆ ಟೋಪಿ ಹಾಕಿ ಗಿಣಿಯನ್ನು ಮಂಚದ ಮೇಲೆ ಮಲಗಿಸಿದ್ದರು. ನರ್ಸು ಬಂದು, "ನಿದ್ದೆ ಬರೋ ತನಕ ಒಬ್ಬರು ಮಾತ್ರ ಜೊತೆಗೆ ಒಳಗೆ ಬರಬಹುದು. ಯಾರು ಬೇಕಮ್ಮ ನಿನಗೆ?" ಎಂದು ಕೇಳಿದಳು.

ನಾನು ಬ್ಯಾಗು ಕೆಳಗಿಟ್ಟೆ. ಪಾರ್ಲರತ್ತೆ ಸೆರಗು ಸರಿಮಾಡಿಕೊಂಡಳು.

"ಅಮ್ಮ" ಎಂದಳು ಗಿಣಿ. ಒಂದು ಕ್ಷಣ ಕೂಡ ಯೋಚಿಸಲಿಲ್ಲ.

ಬಾಗಿಲು ಮುಚ್ಚಿತು. ನಾವಿಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ಕೂತೆವು.

"ಅತ್ತಿಗೆ ಬೆಳಗ್ಗೆ ಎದ್ದು ಒಂದು ದಿನಾನೂ ಜಡೆ ಹಾಕಿಲ್ಲ" ಎಂದಳು ಅವಳು.

"ಒಂದು ದಿನಾನೂ ಹನಿ ಹಾಕಿಲ್ಲ" ಎಂದೆ ನಾನು.

ಅವಳು ನಕ್ಕಳು. ನಗುವಾಗ ನನ್ನ ತೋಳು ಹಿಡಿದುಕೊಂಡಳು. ನಾನು ಬಿಡಿಸಿಕೊಳ್ಳಲಿಲ್ಲ.